ಪಾಯಿಂಟ್ ಕೈಯಲ್ಲೇ ಮಾಡಿದ ನನ್ನ ಅನುಭವ

ಮಾಡೆಲ್ ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಜಾಗವೇ ಪಾಯಿಂಟ್. ರೆಡಿಮೇಡ್ ಪಾಯಿಂಟ್ ನನಗೆ ಬೇಕಾದ ತಿರುವಿಗೆ ಕೂರುತ್ತಿರಲಿಲ್ಲ. ನಾನೇ ಮಾಡೋಣ ಅಂತ ಕೂತೆ.

ನನ್ನದು ಎಚ್‌ಓ ಅಳತೆ, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು (1:87). ಎರಡು ಹಳಿಗಳ ನಡುವೆ 16.5 ಮಿ.ಮೀ. ಇರಬೇಕು. 6ನೇ ನಂಬರಿನ ಪಾಯಿಂಟ್ ಆರಿಸಿಕೊಂಡೆ. ಹಳಿಗಳು ಕತ್ತರಿಸುವ ಕಡೆ 6 ಸೆಂ.ಮೀ. ಮುಂದೆ ಹೋದರೆ 1 ಸೆಂ.ಮೀ. ಪಕ್ಕಕ್ಕೆ ಸರಿಯುವ ಲೆಕ್ಕ ಅದು. ನಕ್ಷೆಯನ್ನು ಅದೇ ಅಳತೆಯಲ್ಲಿ ಪ್ರಿಂಟ್ ತೆಗೆದು ಹಲಗೆಗೆ ಅಂಟಿಸಿದೆ. ಅದರ ಮೇಲೆ ತಾಮ್ರದ ಪದರ ಇರುವ ಸ್ಲೀಪರ್ ಪಟ್ಟಿಗಳು, ಅಂದರೆ ಹಳಿಯ ಅಡಿಗೆ ಅಡ್ಡಲಾಗಿ ಇಡುವ ಪಟ್ಟಿಗಳು. ಹಳಿಯನ್ನು ಅವಕ್ಕೇ ಬೆಸುಗೆ ಹಾಕುವುದು.

ಎರಡು ಹಳಿ ಸೇರಿ ಮೂತಿಯಾಗುವ ಭಾಗಕ್ಕೆ ಫ್ರಾಗ್ ಅನ್ನುತ್ತಾರೆ. ಅದಕ್ಕೆ ಅರ ಹಾಕಿ ಉಜ್ಜಿ ಉಜ್ಜಿ ಬೆರಳು ಬೊಬ್ಬೆ ಬಂತು. ಕರೆಂಟು ಕೊಟ್ಟ ತಕ್ಷಣ ಶಾರ್ಟ್! ಸ್ಲೀಪರ್‌ನ ತಾಮ್ರವನ್ನು ನಡುವೆ ಗೀರಿ ಬೇರೆ ಮಾಡದಿದ್ದರೆ ಎರಡೂ ಹಳಿ ಕೂಡಿಕೊಳ್ಳುತ್ತವೆ, ಅಲ್ವಾ? ಗೊತ್ತಿತ್ತು, ಎರಡು ಪಟ್ಟಿ ಮರೆತಿದ್ದೆ. ಈಗ ಪ್ರತಿ ಪಟ್ಟಿಯನ್ನೂ ಹಳಿ ಕೂರಿಸುವ ಮೊದಲೇ ಮಲ್ಟಿಮೀಟರ್ ಇಟ್ಟು ನೋಡುತ್ತೇನೆ.

ನಿಜವಾದ ತಲೆನೋವು ಆಮೇಲೆ ಶುರುವಾಯಿತು. ಬೋಗಿ ತಿರುವಿನ ಕಡೆಗೆ ಚೆನ್ನಾಗಿ ಹೋಗುತ್ತಿತ್ತು. ನೇರ ಹೋಗುವಾಗ ಮಾತ್ರ, ಅದೂ ಬ್ಲೇಡಿನ (ದಾರಿ ಬದಲಿಸಲು ಅತ್ತಿತ್ತ ಸರಿಯುವ ಚೂಪು ತುದಿಯ ಹಳಿ) ತುದಿಯಲ್ಲೇ, ಹಾರಿ ಕೆಳಗೆ ಬೀಳುತ್ತಿತ್ತು. ನೇರ ದಾರಿಯಲ್ಲಿ ಬೀಳೋದು ಅಂದರೇನು! ಚಕ್ರ ಬದಲಿಸಿದೆ. ಬೋಗಿಗೆ ತೂಕ ಹಾಕಿದೆ. ಸುಮ್ನೆ ಫ್ರಾಗನ್ನು ಮತ್ತೆ ಉಜ್ಜಿದೆ, ಪಾಪ, ಅದರದ್ದೇನೂ ತಪ್ಪಿರಲಿಲ್ಲ.

ಕೊನೆಗೆ ಕಣ್ಣು ಮುಚ್ಚಿ ಹಳಿಯ ಒಳಬದಿಗೆ ಉಗುರು ಎಳೆದೆ. ಬ್ಲೇಡಿನ ತುದಿಗೆ ತಗಲಿ ನಿಂತಿತು. ಚಕ್ರದ ಅಂಚಿಗೂ ಅಲ್ಲೇ ತಗಲುತ್ತಿತ್ತು. ಹಳಿಗಳ ಅಂತರ ನೋಡುವ ಗೇಜ್ ಇಟ್ಟರೆ ಅಂತರವೂ ಕಮ್ಮಿ. ತಿರುವಿಗೆ ಹೋಗುವ ಹೊರಹಳಿಯನ್ನು ಬ್ಲೇಡಿನ ತುದಿಗಿಂತ ತುಸು ಮೊದಲೇ ಒಂಚೂರು ಹೊರಕ್ಕೆ ಕೋನವಾಗಿ ಮಡಿಸಬೇಕಿತ್ತು. ಬ್ಲೇಡಿನ ದಪ್ಪ ಆ ಸಂದಿಯಲ್ಲಿ ಅಡಗುತ್ತದೆ. ನಾನು ನುಣ್ಣಗೆ ಬಳುಕುವ ಹಳಿ ಚೆಂದ ಅಂತ ಹಾಗೇ ಬಗ್ಗಿಸಿದ್ದೆ.

ಆ ಹಳಿಯ ಬೆಸುಗೆ ಬಿಚ್ಚಿ, ಇಕ್ಕಳದಲ್ಲಿ ಹಿಡಿದು ಮಡಿಸಿದೆ. ಕಣ್ಣಿಗೆ ಕಾಣದಷ್ಟು. ಜಾಸ್ತಿ ಮಡಿಸಿದರೆ ಅಂತರ ಹಿಗ್ಗಿ ಬೇರೆ ಕಾಟ. ಬೆಸುಗೆ ಹಾಕುವಾಗ ಪಕ್ಕದ್ದು ಕರಗದಂತೆ ಒದ್ದೆ ಹತ್ತಿ ಇಟ್ಟುಕೊಂಡೆ. ಬೋಗಿ ತಳ್ಳಿದೆ, ಸದ್ದಿಲ್ಲದೆ ದಾಟಿತು. ಹಿಂದೆ ಮುಂದೆ ಎಷ್ಟು ಸಲ ಓಡಿಸಿದೆನೋ!

ಫ್ರಾಗಿಗೆ ವೈರ್ ಮತ್ತು ಸ್ವಿಚ್ ಹಾಕುವುದು ಇನ್ನೂ ಬಾಕಿ. ಅಲ್ಲಿ ಕರೆಂಟಿಲ್ಲದೆ ನನ್ನ ಸಣ್ಣ ಎಂಜಿನ್ ನಿಂತುಬಿಡುತ್ತದೆ. ಸದ್ಯಕ್ಕೆ ಬೆರಳಲ್ಲಿ ತಳ್ಳುತ್ತಿದ್ದೇನೆ.