ಕಾಗದ ಹಿಡಿದು ಬರೆದ ಹ್ಯಾರಿಯೆಟ್ ವಿಲ್ಸನ್ ಬದುಕು

"ಡೈರಿ ಇಲ್ಲ, ಪತ್ರಗಳ ಕಂತೆ ಇಲ್ಲ, ಇವರ ಮೇಲೆ ಪುಸ್ತಕ ಹೇಗೆ ಬರೀತೀರಿ?" ಅಂತ ಕೇಳಿದವರೇ ಜಾಸ್ತಿ. ಅಮೆರಿಕದ ಕಪ್ಪು ಕಾದಂಬರಿಕಾರ್ತಿ ಹ್ಯಾರಿಯೆಟ್ ವಿಲ್ಸನ್ ಬಗ್ಗೆ ನಾನು ಬರೆದ ಆ ಪುಸ್ತಕ ಈಗ ಎರಡನೇ ಮುದ್ರಣಕ್ಕೆ ಹೋಗಿದೆ.

ಮೊದಲು ಹುಟ್ಟಿನಿಂದ ಸಾವಿನವರೆಗೆ ಕಥೆ ಥರ ಬರೆಯಲು ನೋಡಿದೆ. ಮುಂದೆ ಸಾಗಲಿಲ್ಲ. 1825ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಮಿಲ್ಫರ್ಡ್‌ನಲ್ಲಿ ಹುಟ್ಟಿದರು, ಚಿಕ್ಕಂದಿನಲ್ಲೇ ಬಿಳಿಯರ ಮನೆಯಲ್ಲಿ ದುಡಿಮೆಗೆ ಬಿದ್ದರು. ಆಮೇಲೆ ದೊಡ್ಡ ದೊಡ್ಡ ಖಾಲಿ ಜಾಗಗಳು. ಅದನ್ನು ಅವರದೇ ಕಾದಂಬರಿ 'ಅವರ್ ನಿಗ್'ನಿಂದ ತುಂಬಿಸಿದರೆ ನಾಯಕಿ ಫ್ರಾಡೋ ಎಲ್ಲಿ ಮುಗಿದಳು, ಹ್ಯಾರಿಯೆಟ್ ಎಲ್ಲಿ ಶುರುವಾದರು ಅನ್ನೋದೇ ತಿಳಿಯುವುದಿಲ್ಲ.

ಕೊನೆಗೆ ಒಂದು ಅಧ್ಯಾಯಕ್ಕೆ ಒಂದೇ ದಾಖಲೆ ಅಂತ ಇಟ್ಟುಕೊಂಡೆ. ಕಾಗದ ಸುಮ್ಮನಿದ್ದ ಕಡೆ ನಾನೂ ಸುಮ್ಮನಿದ್ದೆ. ಮಗ ಜಾರ್ಜ್‌ನ ಮರಣಪತ್ರದ ಅಧ್ಯಾಯ ನೋಡಿ. ತನ್ನನ್ನೂ ಮಗುವನ್ನೂ ಸಾಕಿಕೊಳ್ಳಲು ಬರೆದೆ ಎಂದು ಹ್ಯಾರಿಯೆಟ್ ಮುನ್ನುಡಿಯಲ್ಲೇ ಹೇಳುತ್ತಾರೆ. 1859ರಲ್ಲಿ ಬೋಸ್ಟನ್‌ನಲ್ಲಿ ಆ ಕಾದಂಬರಿ ಅಚ್ಚಾಯಿತು. ಆರು ತಿಂಗಳೊಳಗೆ, 1860ರ ಫೆಬ್ರವರಿಯಲ್ಲಿ, ಏಳು ವರ್ಷದ ಮಗ ಜ್ವರದಿಂದ ತೀರಿಕೊಂಡ. ಬರೆದವರು ಕಪ್ಪು ಹೆಂಗಸು ಎಂದು ಸಾಬೀತು ಮಾಡಲು ಸಾಹಿತ್ಯ ವಿದ್ವಾಂಸ ಹೆನ್ರಿ ಲೂಯಿಸ್ ಗೇಟ್ಸ್ ಅವರಿಗೆ ಮುಂದೆ ನೆರವಾದದ್ದು ಆ ಮರಣಪತ್ರವೇ. 1983ರಲ್ಲಿ ಕಾದಂಬರಿ ಮತ್ತೆ ಹೊರಬಂತು. ಅಲ್ಲಿಯವರೆಗೆ ಅದನ್ನು ಕೇಳುವವರೇ ಇರಲಿಲ್ಲ.

ಹ್ಯಾರಿಯೆಟ್ ಕೂದಲಿನ ಔಷಧವನ್ನೂ ಮಾರುತ್ತಿದ್ದರು. ಕಾದಂಬರಿಯ ಮೊದಲ ಪುಟದಲ್ಲಿ ಲೇಖಕಿಯ ಹೆಸರಿಲ್ಲ, ಆದರೆ ಆ ಔಷಧದ ಗಾಜಿನ ಬಾಟಲಿಯ ಮೇಲೆ 'ಮಿಸೆಸ್ ವಿಲ್ಸನ್' ಎಂದಿದೆ. ಓದುಗರು ಇವತ್ತಿಗೂ ಹೆಚ್ಚು ಮಾತಾಡುವುದು ನನ್ನ ಬಾಟಲಿ ಅಧ್ಯಾಯದ ಬಗ್ಗೆಯೇ.

ಇನ್ನು ದುಡ್ಡಿನ ವಿಷಯ. ಪ್ರಕಾಶಕರೊಬ್ಬರು ಹಸ್ತಪ್ರತಿಯನ್ನು ವರ್ಷದ ಹತ್ತಿರ ಇಟ್ಟುಕೊಂಡು "ಯಾರು ಓದ್ತಾರೆ?" ಅಂದರು. ನಾನೇ ಅಚ್ಚು ಹಾಕಿಸಿದೆ. ಡಿಟಿಪಿ, ಮುಖಪುಟ, 300 ಪ್ರತಿ ಎಲ್ಲ ಸೇರಿ 30 ಸಾವಿರದ ಆಸುಪಾಸು. ಬೆಲೆ 150. ಅಂಗಡಿಯವರು 40 ಪರ್ಸೆಂಟ್ ಕಮಿಷನ್ ಕೇಳಿದರು, ಹಾಗಾಗಿ ನೇರ ಅಂಚೆಯಲ್ಲೇ ಕಳಿಸಿದೆ. ಅಚ್ಚಿಗೆ ಮುಂಚೆಯೇ ನೂರಕ್ಕೂ ಜಾಸ್ತಿ ಪ್ರತಿಗೆ ಹಣ ಬಂದಿತ್ತು. ಹೇಗೆ ಬಂತು ಅನ್ನೋದನ್ನು ಮಾತ್ರ ಹೇಳಲ್ಲ! ನಡುವೆ ಆಡಿಯೋ ಮಾಡಿಸಿ ಐದಾರು ಸಾವಿರ ಹೋಯಿತು, ಕೇಳಿದವರು ಬೆರಳೆಣಿಕೆ. ಆದರೆ ಅವರಲ್ಲೊಬ್ಬ ಮೇಷ್ಟ್ರು ತಮ್ಮ ಕಾಲೇಜಿಗೆ ಒಂದು ಕಟ್ಟು ಪುಸ್ತಕ ತರಿಸಿಕೊಂಡರು.

ಈಗ ಪಾಲಿನ್ ಹಾಪ್‌ಕಿನ್ಸ್ ಬಗ್ಗೆ ಹೀಗೇ ಶುರು ಮಾಡಿದ್ದೇನೆ. ಕಾದಂಬರಿ ಬರೆದವರು, ಪತ್ರಿಕೆ ನಡೆಸಿದವರು, ಹೊಟ್ಟೆಪಾಡಿಗೆ ಸ್ಟೆನೋಗ್ರಾಫರ್ ಆಗಿದ್ದವರು. ಮುಂಗಡ ಕೊಡುವವರು ಈಗಾಗಲೇ ಕೇಳುತ್ತಿದ್ದಾರೆ.