ತಿರುವು ಮುಗಿದರೂ ನೇರಕ್ಕೆ ಬಾರದ ಸ್ಟೀರಿಂಗ್: ನನ್ನ ಅನುಭವ

ಸುಮಾರು 70,000 ಕಿಲೋಮೀಟರ್ ಓಡಿದ್ದ ನನ್ನ ಚಿಕ್ಕ ಕಾರಿನಲ್ಲಿ ದೋಷ ಮೊದಮೊದಲು ತೀರಾ ಸಣ್ಣದೆಂದೇ ತೋರಿತ್ತು. ಎಡಕ್ಕೆ ತಿರುಗಿಸಿ ಹಿಡಿತ ಸಡಿಲಿಸಿದರೆ ತಾನಾಗಿಯೇ ನೇರಕ್ಕೆ ಮರಳಬೇಕಾದ ಸ್ಟೀರಿಂಗ್ ಅರ್ಧಕ್ಕೇ ನಿಲ್ಲುತ್ತಿತ್ತು ಮತ್ತು ನೇರ ರಸ್ತೆಗೆ ಬಂದ ಮೇಲೂ ಕಾರು ಎಡಕ್ಕೇ ಎಳೆಯುತ್ತಿತ್ತು. ಬಲಕ್ಕೆ ತಿರುಗಿ ಬಂದರೆ ಎಳೆತವೂ ಬಲಕ್ಕೆ. ಈ ಲಕ್ಷಣವನ್ನು ಆಗಲೇ ಸರಿಯಾಗಿ ಗಮನಿಸಿದ್ದರೆ ಎರಡು ಬಾರಿ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವ ಕೆಲಸ) ಮಾಡಿಸಿದ ಖರ್ಚು ಉಳಿಯುತ್ತಿತ್ತು. ಏಕೆಂದರೆ ಟೈರಿನ ಗಾಳಿಯಲ್ಲೋ ಸವೆತದಲ್ಲೋ ಚಕ್ರದ ಕೋನದಲ್ಲೋ ದೋಷವಿದ್ದರೆ ಕಾರು ಸಾಮಾನ್ಯವಾಗಿ ಒಂದೇ ಬದಿಗೆ ಎಳೆಯುತ್ತದೆಯೇ ಹೊರತು, ಹಿಂದಿನ ತಿರುವನ್ನು ನೆನಪಿಟ್ಟುಕೊಂಡು ಬದಿ ಬದಲಿಸುವುದಿಲ್ಲ.

ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಆದ್ದರಿಂದ ಮುಂದಿನ ಅನುಮಾನ ಅದರ ಮೋಟಾರಿನ ಮೇಲೆ ಹೋಯಿತು. ಎಂಜಿನ್ ನಿಂತಿದ್ದಾಗ ಬ್ಯಾಟರಿ 12.5 ವೋಲ್ಟ್, ಓಡುತ್ತಿದ್ದಾಗ 14 ವೋಲ್ಟ್ ತೋರಿಸಿತು; ಎರಡೂ ಸರಿಯೇ. ಎಚ್ಚರಿಕೆಯ ದೀಪ ಉರಿದಿರಲಿಲ್ಲ, ಸ್ಕ್ಯಾನರ್‌ನಲ್ಲಿ ದೋಷ ಸೂಚಿಸುವ ಯಾವ ಕೋಡೂ ಬರಲಿಲ್ಲ. ಕಾರನ್ನು ಜ್ಯಾಕ್ ಮೇಲೆತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಎಡ-ಬಲ ಅಂಚುಗಳಲ್ಲಿ ಹಿಡಿದು ಅಲುಗಾಡಿಸಿ, ಸ್ಟೀರಿಂಗಿನ ಚಲನೆಯನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್‌ಗಳನ್ನೂ, ಮೇಲೆ-ಕೆಳಗೆ ಹಿಡಿದು ಚಕ್ರ ತಿರುಗುವ ಕೀಲಾದ ಬಾಲ್ ಜಾಯಿಂಟನ್ನೂ ಪರೀಕ್ಷಿಸಿದೆ. ಎಲ್ಲಿಯೂ ಸಡಿಲವಿರಲಿಲ್ಲ. ಅಷ್ಟೇ ಅಲ್ಲ, ಚಕ್ರ ನೆಲ ಬಿಟ್ಟಿದ್ದಾಗ ಸ್ಟೀರಿಂಗ್ ಹಗುರವಾಗಿಯೇ ತಿರುಗಿತು. ನನ್ನನ್ನು ಹೆಚ್ಚು ದಾರಿ ತಪ್ಪಿಸಿದ್ದು ಇದೇ: ಸ್ಟ್ರಟ್‌ನ (ಚಕ್ರದ ಮೇಲಿನ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಜೋಡಣೆಯ) ಮೇಲ್ತುದಿಯಲ್ಲಿದ್ದು, ಅದನ್ನು ಚಕ್ರದ ಜೊತೆ ಸುತ್ತಗೊಡುವ ಬೇರಿಂಗ್ ಮೇಲೆ ಕಾರಿನ ಭಾರ ಆಗ ಬೀಳುತ್ತಲೇ ಇರಲಿಲ್ಲ.

ಕಡೆಗೆ ಕಾರನ್ನು ಸಮತಟ್ಟಾದ ನೆಲಕ್ಕೆ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮನೆಯವರನ್ನು ಒಳಗೆ ಕೂರಿಸಿ ಸ್ಟೀರಿಂಗನ್ನು ನಿಧಾನವಾಗಿ ತಿರುಗಿಸಲು ಹೇಳಿದೆ. ನಾನು ಹೊರಗಿನಿಂದ ಸ್ಟ್ರಟ್‌ನ ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗಿನ ಹೊರಮೈಗೆ ಬೆರಳ ತುದಿಗಳನ್ನು ಮೆಲ್ಲಗೆ ತಾಗಿಸಿದ್ದೆ; ಸುರುಳಿಗಳ ನಡುವೆ ಬೆರಳು ತೂರಿಸುವ ಸಾಹಸ ಯಾರಿಗೂ ಬೇಡ. ಬಲಬದಿಯ ಸ್ಪ್ರಿಂಗ್ ಚಕ್ರದ ಜೊತೆಗೇ ನಯವಾಗಿ ಸುತ್ತಿತು. ಎಡಬದಿಯದು ಮಾತ್ರ ಕದಲದೆ ಬಿಗಿಯುತ್ತಾ ಹೋಗಿ, ಒಮ್ಮೆಲೇ 'ಟಣ್' ಎಂದು ನೆಗೆಯಿತು. ಮೇಲ್ತುದಿಯ ಬೇರಿಂಗ್ ಸಲೀಸಾಗಿ ತಿರುಗದ್ದರಿಂದ ಹಾಗೆ ಬಿಗಿದ ಸ್ಪ್ರಿಂಗೇ ತಿರುವಿನ ನಂತರ ಚಕ್ರವನ್ನು ನೇರಕ್ಕೆ ಬರಗೊಡದೆ ತಡೆಯುತ್ತಿತ್ತು.

ಒತ್ತಿ ಹಿಡಿದ ಸ್ಪ್ರಿಂಗ್ ಜಾರಿದರೆ ಪ್ರಾಣಾಪಾಯವಿರುವುದರಿಂದ ಸ್ಟ್ರಟ್ ಬಿಚ್ಚುವ ಕೆಲಸವನ್ನು ಮೆಕ್ಯಾನಿಕ್‌ಗೇ ಬಿಟ್ಟೆ. ಬಲಬದಿಯದೂ ಅಷ್ಟೇ ಹಳೆಯದಾದ್ದರಿಂದ ಎರಡೂ ಬೇರಿಂಗ್‌ಗಳನ್ನು ಬದಲಾಯಿಸಿದೆವು. ಹೊರತೆಗೆದ ಎಡಗಡೆಯ ಬೇರಿಂಗನ್ನು ಕೈಯಲ್ಲಿ ತಿರುಗಿಸಿದಾಗ ಮರಳು ಅರೆದಂತೆ ಕರಕರ ಎಂದಿತು. ಗ್ರೀಸ್ ಇರಬೇಕಾದ ಜಾಗದಲ್ಲಿ ಕೆಂಪು ತುಕ್ಕಿನ ಪುಡಿ ಇತ್ತು. ಸ್ಟ್ರಟ್‌ನ ಕೆಳಗಿನ ಬೋಲ್ಟ್‌ಗಳನ್ನು ಸಡಿಲಿಸಿದರೆ ಚಕ್ರದ ಕೋನ ಬದಲಾಗುವುದರಿಂದ ಮೂರನೆಯ ಬಾರಿ ಅಲೈನ್‌ಮೆಂಟ್ ಮಾಡಿಸಬೇಕಾಯಿತು, ಆದರೆ ಈ ಸಲ ಮೊದಲ ತಿರುವಿನಲ್ಲೇ ಸ್ಟೀರಿಂಗ್ ನನ್ನ ಅಂಗೈಯೊಳಗೆ ಜಾರುತ್ತಾ ತಾನಾಗಿಯೇ ನೇರಕ್ಕೆ ಬಂದು ನಿಂತಿತು.