ಉಪ್ಪುನೀರಿಗೆ ಇಳಿಯುವ ಚಾಕು: ಕೊಳ್ಳುವುದು ಒಮ್ಮೆ, ತೊಳೆಯುವುದು ಪ್ರತಿ ಸಲ

ಡೈವಿಂಗ್ ಚಾಕುವಿಗೆ ತುಕ್ಕು ಹಿಡಿಯುವುದು ಹೆಚ್ಚಾಗಿ ಮನೆಯಲ್ಲಿ. ಬ್ಯಾಗಿನೊಳಗೆ, ತನ್ನದೇ ಒರೆಯಲ್ಲಿ ಸುಮ್ನೆ ಕೂತಿದ್ದಾಗ.

ನನ್ನ ಮೊದಲ ಚಾಕುವಿಗೆ ಆದದ್ದೂ ಅದೇ. ಡೈವ್ ಮುಗಿಸಿ ಬಂದವನು ಅಲಗನ್ನು ನಲ್ಲಿ ನೀರಿಗೆ ಹಿಡಿದೆ, ಟವೆಲ್‌ನಲ್ಲಿ ಒರೆಸಿದೆ, ಒರೆಗೆ ತುರುಕಿ ಇಟ್ಟೆ. ಮೂರು ತಿಂಗಳ ನಂತರ ಎಳೆದರೆ ಬರಲಿಲ್ಲ. ಒರೆಯನ್ನು ಎರಡು ಮೊಣಕಾಲ ನಡುವೆ ಒತ್ತಿ ಹಿಡಿದು ಜಗ್ಗಿದಾಗ ಕರ್ ಎಂದು ಹೊರಬಂತು. ಅಲಗಿನ ತುಂಬಾ ಸಾಸಿವೆ ಚೆಲ್ಲಿದ ಹಾಗೆ ಕಂದು ಚುಕ್ಕೆ. ಒಂದೊಂದು ಚುಕ್ಕೆಯ ಅಡಿಯಲ್ಲೂ ಉಗುರಿಗೆ ತಾಕುವ ಗುಳಿ. ಅಲಗನ್ನೇನೋ ತೊಳೆದಿದ್ದೆ. ಒರೆಯ ಒಳಗೆ ಸಮುದ್ರದ ನೀರು ಹಾಗೇ ಇತ್ತು.

ಆಮೇಲೆ ಎಷ್ಟೋ ದೋಣಿಗಳಲ್ಲಿ ಇದನ್ನೇ ನೋಡಿದ್ದೇನೆ. ಚಾಕುವನ್ನು ಒರೆ ಸಮೇತ ಬಕೆಟ್‌ನಲ್ಲಿ ಒಂದು ಸಲ ಮುಳುಗಿಸಿ ಎತ್ತುತ್ತಾರೆ. ಮುಗೀತು ಅವರ ತೊಳೆಯುವ ಕೆಲಸ. ಆ ಬಕೆಟ್‌ನ ನೀರೋ, ಹತ್ತು ಜನರ ಸಾಮಾನು ಅದ್ದಿ ಅದ್ದಿ ಅರ್ಧ ಸಮುದ್ರವೇ ಆಗಿರುತ್ತದೆ.

ಹಂತ 1: ಎಂಥ ಚಾಕು ಬೇಕು?

ಈ ಚಾಕು ಯಾರ ಜೊತೆಯೂ ಹೋರಾಡಲಿಕ್ಕಲ್ಲ. ಗಾಳದ ದಾರ, ಬಲೆ ಅಥವಾ ಹಗ್ಗಕ್ಕೆ ಸಿಕ್ಕಿಕೊಂಡಾಗ ಕತ್ತರಿಸಿ ಬಿಡಿಸಿಕೊಳ್ಳಲು. ಅದಕ್ಕೆ ಅಂಗೈ ಉದ್ದದ ಅಲಗು ಸಾಕು. ಮೊಳಕಾಲಿಗೆ ಖಡ್ಗ ಕಟ್ಟಿಕೊಂಡು ಬರುವವರನ್ನು ನೋಡಿದರೆ ಮೂಗಿಗಿಂತ ಮೂಗುತಿ ಭಾರ ಅನ್ನಿಸುತ್ತದೆ.

ತುದಿ ಮೊಂಡಾಗಿರಲಿ. ಚೂಪು ತುದಿ ಕತ್ತಲಲ್ಲಿ, ಗಡಿಬಿಡಿಯಲ್ಲಿ ನಿಮ್ಮ ಗಾಳಿಯ ಕೊಳವೆಗೋ ಜೊತೆಗಾರನ ತೊಡೆಗೋ ಚುಚ್ಚಬಹುದು. ಅಲಗಿನ ಒಂದು ಬದಿ ನೇರ ಹರಿತ, ಇನ್ನೊಂದು ಬದಿ ಗರಗಸದ ಹಲ್ಲು ಇರಲಿ. ದಪ್ಪ ಹಗ್ಗಕ್ಕೆ ಹಲ್ಲೇ ಬೇಕು. ತೆಳು ಗಾಳದ ದಾರವನ್ನು ಎಳೆದು ತುಂಡರಿಸಲು ಕೊಕ್ಕೆಯಂಥ ಸಣ್ಣ ಕಚ್ಚು ಇದ್ದರೆ ಇನ್ನೂ ಒಳ್ಳೆಯದು.

ಹಿಡಿಯೊಳಗೆ ದಿಕ್ಸೂಚಿ, ಬೆಂಕಿಪೊಟ್ಟಣದ ಡಬ್ಬಿ ಇಟ್ಟು ಮಾರುವ ಚಾಕುಗಳನ್ನು ಮುಟ್ಟಲೇಬೇಡಿ. ಟೊಳ್ಳು ಹಿಡಿ ಎಂದರೆ ಉಪ್ಪುನೀರಿಗೆ ಬಾಡಿಗೆ ಮನೆ.

ಹಂತ 2: ಯಾವ ಲೋಹ?

ಸ್ಟೇನ್‌ಲೆಸ್ ಎಂದರೆ ತುಕ್ಕೇ ಹಿಡಿಯದ ಉಕ್ಕು ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ಈ ಉಕ್ಕಿನಲ್ಲಿ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಇರುತ್ತದೆ. ಅದು ಆಕ್ಸಿಜನ್ ಜೊತೆ ಸೇರಿ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಪದರ ಕಟ್ಟುತ್ತದೆ. ಗೀರು ಬಿದ್ದರೆ ಪದರ ತಾನಾಗಿ ಮತ್ತೆ ಕೂಡಿಕೊಳ್ಳುತ್ತದೆ, ಆದರೆ ಆಕ್ಸಿಜನ್ ಸಿಗಬೇಕು. ಉಪ್ಪಿನಲ್ಲಿರುವ ಕ್ಲೋರೈಡ್ ಆ ಪದರವನ್ನು ಅಲ್ಲಲ್ಲಿ ಒಡೆಯುತ್ತದೆ. ಗಾಳಿಯಾಡದ ಒರೆಯೊಳಗೆ, ಹಿಡಿಯ ಸಂದಿಯಲ್ಲಿ ಒಡೆದ ಜಾಗ ಕೂಡಿಕೊಳ್ಳುವುದೇ ಇಲ್ಲ. ಅಲ್ಲಿಂದ ಗುಳಿ ಶುರು. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದಿನ ಹಂತಗಳೆಲ್ಲ ಇದರ ಮೇಲೇ ನಿಂತಿವೆ.

ಅಂಗಡಿಯಲ್ಲಿ ಸಿಗುವ ಲೋಹಗಳ ಗುಣ ಹೀಗಿದೆ. 304 ಮತ್ತು 316 ಎಂಬ ಸಂಖ್ಯೆಯ ಸ್ಟೇನ್‌ಲೆಸ್ ಉಕ್ಕುಗಳು ತುಕ್ಕಿಗೆ ಬೇಗ ಬಗ್ಗುವುದಿಲ್ಲ. 316ರಲ್ಲಿ ಶೇ 2ರಿಂದ 3ರಷ್ಟು ಮಾಲಿಬ್ಡಿನಂ ಎಂಬ ಲೋಹ ಇರುವುದರಿಂದ ಉಪ್ಪನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಎರಡೂ ಮೆದು, ಬಾಯಿ ಬೇಗ ಮೊಂಡಾಗುತ್ತದೆ. 420ರಲ್ಲಿ ಕ್ರೋಮಿಯಂ ಶೇ 12ರಿಂದ 14. ಹದ ಕೊಟ್ಟು ಗಟ್ಟಿ ಮಾಡಬಹುದು, ತುಕ್ಕನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಬಹಳಷ್ಟು ಡೈವಿಂಗ್ ಚಾಕುಗಳು ಇದರದ್ದೇ.

ಜನ ಮೋಸ ಹೋಗುವುದು 440ಸಿ ಹತ್ತಿರ. ಶೇ 16ರಿಂದ 18 ಕ್ರೋಮಿಯಂ ಎಂದು ಓದಿ, 420ಕ್ಕಿಂತ ಜಾಸ್ತಿ ಅಲ್ವಾ ಎಂದು ಕೊಂಡುಬಿಡುತ್ತಾರೆ. ಅದರಲ್ಲಿ ಶೇ 1ರ ಆಸುಪಾಸು ಇಂಗಾಲವೂ ಇದೆ. ಆ ಇಂಗಾಲ ಕ್ರೋಮಿಯಂನ ಒಂದು ಪಾಲನ್ನು ತನ್ನ ಜೊತೆ ಕಟ್ಟಿಹಾಕುತ್ತದೆ. ಹಾಗೆ ಸಿಕ್ಕಿಕೊಂಡ ಕ್ರೋಮಿಯಂ ಪದರ ಕಟ್ಟಲು ಬರುವುದಿಲ್ಲ. ಹರಿತ ಚೆನ್ನಾಗಿ ನಿಲ್ಲುತ್ತದೆ ನಿಜ, ಚಾಕರಿ ಮಾತ್ರ ದಿನಾ ಮಾಡಬೇಕು.

ಇಂಗಾಲ ಕಡಿಮೆ ಮಾಡಿ ನೈಟ್ರೋಜನ್ ಸೇರಿಸಿದ ಉಕ್ಕುಗಳೂ ಇವೆ. ಎಚ್ 1, ಎಲ್‌ಸಿ 200 ಎನ್ ಎಂಬ ಹೆಸರಲ್ಲಿ ಬರುತ್ತವೆ. ಉಪ್ಪುನೀರಿಗೆ ಬಹಳ ಒಳ್ಳೆಯವು, ದುಬಾರಿಯೂ ಹೌದು. ಇನ್ನು ಟೈಟಾನಿಯಂ. ಸಮುದ್ರದ ನೀರಿನಲ್ಲಿ ತುಕ್ಕು ಹಿಡಿಯುವುದೇ ಇಲ್ಲ, ತೂಕ ಉಕ್ಕಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ನೇರ ಹರಿತ ಹೆಚ್ಚು ಕಾಲ ನಿಲ್ಲುವುದಿಲ್ಲ, ಹಾಗಾಗಿ ಹಲ್ಲಿರುವುದನ್ನೇ ಕೊಳ್ಳಿ. ತೊಳೆಯಲು ಸೋಮಾರಿತನವಿದ್ದರೆ ಹಿಂದೆಮುಂದೆ ನೋಡದೆ ಟೈಟಾನಿಯಂ ತೆಗೆದುಕೊಳ್ಳಿ. ನಾನು ಕೊನೆಗೆ ಅದಕ್ಕೇ ಬಂದೆ.

ಕೊಳ್ಳುವಾಗ ಜೇಬಿನಲ್ಲೊಂದು ಅಯಸ್ಕಾಂತ ಇರಲಿ. 420, 440ಕ್ಕೆ ಅದು ಪಟ್ಟನೆ ಅಂಟುತ್ತದೆ. ಟೈಟಾನಿಯಂಗೆ ಅಂಟುವುದಿಲ್ಲ. ‘ಟೈಟಾನಿಯಂ’ ಎಂದು ಬರೆದ ಅಲಗಿಗೆ ಅಂಟಿತೋ, ಅದು ಬರೀ ಬಣ್ಣದ ಲೇಪ. ‘ಸರ್ಜಿಕಲ್ ಸ್ಟೀಲ್’ ಎಂದಷ್ಟೇ ಬರೆದಿದ್ದರೆ ಅಲ್ಲೇ ಬಿಟ್ಟುಬನ್ನಿ. ಆ ಹೆಸರಿನ ಒಂದು ನಿರ್ದಿಷ್ಟ ಉಕ್ಕು ಇಲ್ಲವೇ ಇಲ್ಲ. ಕಪ್ಪು ಲೇಪದ ಅಲಗು ನೋಡಲು ಚೆಂದ. ಆದರೆ ಬಾಯಿಯ ಮೇಲೆ ಲೇಪ ನಿಲ್ಲುವುದಿಲ್ಲ, ತುಕ್ಕು ಮೊದಲು ಬರುವುದೂ ಅಲ್ಲೇ.

ಹಂತ 3: ಒರೆಯನ್ನೂ ನೋಡಿ ಕೊಳ್ಳಿ

ಚರ್ಮದ ಒರೆ ಬೇಡವೇ ಬೇಡ. ತೇವವನ್ನೂ ಉಪ್ಪನ್ನೂ ಹೀರಿಕೊಂಡು ಅಲಗಿಗೆ ಒತ್ತಿ ಹಿಡಿಯುತ್ತದೆ. ಗಟ್ಟಿ ಪ್ಲಾಸ್ಟಿಕ್‌ನದ್ದು ಇರಲಿ, ತಳದಲ್ಲಿ ನೀರು ಇಳಿಯುವ ತೂತು ಇರಲಿ. ತೂತಿನಿಂದ ಬೆಳಕು ಕಾಣುತ್ತದೆಯೇ ಎಂದು ಕಣ್ಣಿಗೆ ಹಿಡಿದು ನೋಡಿ. ಒಳಗೆ ಲೋಹದ ಸ್ಪ್ರಿಂಗ್ ಇದ್ದರೆ ಬೇಡ. ಟೈಟಾನಿಯಂ ಅಲಗಿನ ಮೇಲೂ ಕಂದು ಕಲೆ ಬಂತು ಎಂದು ದೂರುವವರಿದ್ದಾರೆ. ಆ ಕಲೆ ಹೆಚ್ಚಾಗಿ ಒರೆಯ ಸ್ಪ್ರಿಂಗಿನದ್ದೋ ಹಿಡಿಯ ಉಕ್ಕಿನ ಸ್ಕ್ರೂವಿನದ್ದೋ ಆಗಿರುತ್ತದೆ.

ಚಾಕುವನ್ನು ಹಿಡಿದಿಡಲು ಬರೀ ರಬ್ಬರ್ ಉಂಗುರ ಇದ್ದರೆ ಸಾಲದು. ಅದು ಸಡಿಲವಾದ ದಿನ ಚಾಕು ಸಮುದ್ರಕ್ಕೆ ಅರ್ಪಣೆ. ಹೆಬ್ಬೆರಳಲ್ಲಿ ಒತ್ತಿದರೆ ಬಿಡುವ ಲಾಕ್ ಇರಲಿ. ಕೈಗವಸು ಹಾಕಿಕೊಂಡು, ಕಣ್ಣು ಮುಚ್ಚಿ, ಹತ್ತು ಸಲ ತೆಗೆದು ಹಾಕಿ ನೋಡಿ. ಅಂಗಡಿಯವರು ವಿಚಿತ್ರವಾಗಿ ನೋಡಲಿ ಬಿಡಿ.

ಹಂತ 4: ಎಲ್ಲಿ ಕಟ್ಟುವುದು?

ಎದೆಯ ಮೇಲೆ, ಜಾಕೆಟ್‌ನ ಪಟ್ಟಿಗೆ. ಎರಡೂ ಕೈಗೆ ಸಿಗುವ ಜಾಗ ಅದು. ಕಾಲಿಗೇ ಬೇಕು ಅನ್ನುವವರು ಮೀನಖಂಡದ ಒಳಬದಿಗೆ ಕಟ್ಟಿ, ಹೊರಬದಿಗೆ ಕಟ್ಟಿದರೆ ದಾರ ಮೊದಲು ಚಾಕುವಿಗೇ ಸುತ್ತಿಕೊಳ್ಳುತ್ತದೆ. ಹಿಗ್ಗುವ ರಬ್ಬರ್ ಪಟ್ಟಿಯನ್ನೇ ಬಳಸಿ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದ್ದರ ಎರಡರಷ್ಟು. ತೊಟ್ಟ ರಬ್ಬರ್ ಉಡುಪು, ಅಂದರೆ ವೆಟ್‌ಸೂಟ್, ಅಮುಕಿ ತೆಳ್ಳಗಾಗುತ್ತದೆ, ದಡದಲ್ಲಿ ಬಿಗಿಯಾಗಿದ್ದ ನೈಲಾನ್ ಪಟ್ಟಿ ಅಲ್ಲಿ ಜಾರಿ ಪಾದಕ್ಕೆ ಬರುತ್ತದೆ.

ಹಂತ 5: ತೊಳೆಯುವುದು

ಇಲ್ಲಿ ನಿಧಾನ ಮಾಡಿ. ಎಲ್ಲರೂ ಎಡವುವುದು ಇಲ್ಲೇ.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ನೀರು ಆರಿದರೂ ಉಪ್ಪು ಎಲ್ಲೂ ಹೋಗುವುದಿಲ್ಲ. ಸಂದಿಯಲ್ಲಿ ಕೂತು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹಗಲು ಒಣಗಿದಂತೆ ಕಂಡ ಚಾಕು ರಾತ್ರಿ ಮತ್ತೆ ಒದ್ದೆ. ಆದ್ದರಿಂದ ಉಪ್ಪು ಒಣಗುವ ಮೊದಲೇ ಕೆಲಸ ಶುರು ಮಾಡಿ. ಮನೆಗೆ ಹೋದ ಮೇಲೆ ನೋಡೋಣ ಅನ್ನಬೇಡಿ.

ಮೊದಲು ಚಾಕುವನ್ನು ಒರೆಯಿಂದ ತೆಗೆಯಿರಿ. ಎರಡನ್ನೂ ಬೇರೆ ಬೇರೆಯಾಗಿ ಉಗುರುಬೆಚ್ಚಗಿನ ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ. ಗಟ್ಟಿಯಾದ ಉಪ್ಪು ಕರಗಲು ಸಮಯ ಬೇಕು, ನಲ್ಲಿಯಡಿ ಒಂದು ಕ್ಷಣ ಹಿಡಿದರೆ ಕರಗುವುದಿಲ್ಲ. ನೆನೆಯುತ್ತಿರುವಾಗ ಒರೆಯ ಲಾಕನ್ನು ಹತ್ತಾರು ಸಲ ಒತ್ತಿ ಬಿಡಿ. ಒಳಗಿಂದ ಬೂದುಬಣ್ಣದ ನೀರು, ಒಂದೆರಡು ಮರಳ ಕಣ ಹೊರಬರುತ್ತವೆ. ಆ ಮರಳೇ ಅಲಗಿಗೆ ಗೀರು ಹಾಕುವುದು.

ಮುಂದೆ ಹಿಡಿ. ಹಿಂತುದಿಯಲ್ಲಿ ಸ್ಕ್ರೂ ಇದೆಯೇ ನೋಡಿ. ಇದ್ದರೆ ಬಿಚ್ಚಿ. ಹೆದರಬೇಡಿ, ಅದನ್ನು ಇಟ್ಟಿರುವುದೇ ಬಿಚ್ಚಲು. ಹಿಡಿ ಕಳಚಿದರೆ ಒಳಗೆ ಹೋಗಿದ್ದ ಅಲಗಿನ ಬುಡ ಕಾಣುತ್ತದೆ. ಮೊದಲ ಸಲ ಬಿಚ್ಚಿದವರು ಬೆಚ್ಚಿಬೀಳುತ್ತಾರೆ. ಹೊರಗೆ ಕನ್ನಡಿಯಂತೆ ಹೊಳೆಯುವ ಚಾಕು, ಒಳಗೆ ಹಳೆ ಗೇಟಿನ ಕಂಬಿಯ ಹಾಗಿರುತ್ತದೆ. ಬುಡವನ್ನೂ ಸ್ಕ್ರೂವಿನ ಸುರುಳಿಯನ್ನೂ ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ, ಪಾತ್ರೆ ತೊಳೆಯುವ ಸೋಪು ಹಾಕಿ ಉಜ್ಜಿ. ಒರೆಯೊಳಗೆ ಬಾಟಲಿ ತೊಳೆಯುವ ಉದ್ದ ಬ್ರಶ್ ಆಡಿಸಿ. ಕೊನೆಗೆ ಹೊಸ ನೀರಿನಲ್ಲಿ ಇನ್ನೊಮ್ಮೆ ತೊಳೆಯಿರಿ. ಅದೇ ಬಕೆಟ್‌ನ ನೀರು ಬೇಡ.

ಬಿಚ್ಚಲಾಗದ ಹಿಡಿಯಾದರೆ ನೆನೆಹಾಕುವ ನೀರನ್ನು ಎರಡು ಸಲ ಬದಲಿಸಿ. ಬೇರೆ ದಾರಿಯಿಲ್ಲ.

ಒಣಗಿಸುವಾಗ ಎಲ್ಲವೂ ಬಿಡಿಬಿಡಿಯಾಗಿರಲಿ, ಒರೆ ತಲೆಕೆಳಗಾಗಿರಲಿ, ನೆರಳಿನಲ್ಲಿ ರಾತ್ರಿಯಿಡೀ ಬಿಡಿ. ಬಿಸಿಲಿಗಿಟ್ಟರೆ ರಬ್ಬರ್ ಪಟ್ಟಿ ಬಿರುಕು ಬಿಡುತ್ತದೆ.

ಹಂತ 6: ಗ್ರೀಸ್

ಅಲಗಿಗೂ ಬುಡಕ್ಕೂ ಸಿಲಿಕೋನ್ ಗ್ರೀಸ್, ಬೆರಳ ತುದಿಯಷ್ಟು. ಸವರಿ, ಬಟ್ಟೆಯಿಂದ ಒರೆಸಿ. ಹೊಳಪು ಉಳಿದರೆ ಸಾಕು, ಅಂಟಬಾರದು. ವ್ಯಾಸಲಿನ್ ಅಥವಾ ತುಕ್ಕು ಬಿಡಿಸುವ ಸ್ಪ್ರೇಗಳನ್ನು ಪಟ್ಟಿಯ ಹತ್ತಿರ ತರಬೇಡಿ, ರಬ್ಬರ್ ಮೆತ್ತಗಾಗಿ ಹಾಳಾಗುತ್ತದೆ. ಹೊಸ ಚಾಕುವಿಗೂ ಮೊದಲ ಡೈವ್‌ಗೆ ಮುನ್ನ ಇದನ್ನೇ ಮಾಡಿ.

ಹಂತ 7: ಚುಕ್ಕೆ ಬಂದೇಬಿಟ್ಟರೆ

ಟೀ ಬಣ್ಣದ ಕಲೆಯಷ್ಟೇ ಆಗಿದ್ದರೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ, ಅಲಗಿನ ಉದ್ದಕ್ಕೆ ಉಜ್ಜಿ. ಹೋಗುತ್ತದೆ. ಕಬ್ಬಿಣದ ನಾರಿನಿಂದ ತಿಕ್ಕಬೇಡಿ. ಅದರ ಚೂರುಗಳು ಅಲಗಿನಲ್ಲಿ ಸಿಕ್ಕಿಕೊಂಡು ಅವೇ ತುಕ್ಕು ಹಿಡಿಯುತ್ತವೆ. ಬ್ಲೀಚಿಂಗ್ ದ್ರಾವಣದಲ್ಲಿ ಅದ್ದಿಟ್ಟು ಫಳಫಳ ಮಾಡುತ್ತೇನೆ ಎಂದು ಹೊರಟ ಗೆಳೆಯನೊಬ್ಬ ಮರುದಿನ ಗುಳಿಬಿದ್ದ ಅಲಗು ತಂದು ತೋರಿಸಿದ. ಕ್ಲೋರೈಡ್‌ನಿಂದ ಕಾಪಾಡಬೇಕಾದ ಲೋಹವನ್ನು ಕ್ಲೋರಿನ್ ದ್ರಾವಣದಲ್ಲೇ ಮುಳುಗಿಸಿದರೆ ಇನ್ನೇನಾಗುತ್ತದೆ?

ಬಾಯಿಯಲ್ಲೇ ಆಳದ ಗುಳಿ ಬಿದ್ದಿದ್ದರೆ ಆ ಚಾಕು ಇನ್ನು ಪೆಟ್ಟಿಗೆ ಬಿಚ್ಚಲು ಮಾತ್ರ.

ಹಂತ 8: ಸಾಣೆ

ನೇರ ಬಾಯಿಗೆ ಮಾಮೂಲಿ ಸಾಣೆಕಲ್ಲು, ನೀರು ಹಾಕಿ. ಹಲ್ಲಿನ ಬದಿಗೆ ಸಣ್ಣ ದುಂಡು ಸಾಣೆಕಡ್ಡಿ ಬೇಕು. ಹಲ್ಲು ಇಳಿಜಾರಾಗಿರುವ ಬದಿಯಿಂದಷ್ಟೇ, ಒಂದೊಂದೇ ಹಲ್ಲು ಉಜ್ಜಿ. ಒಣ ಸಾಣೆಚಕ್ರಕ್ಕೆ ಕೊಡಬೇಡಿ. ಕಾದು ನೀಲಿಗಟ್ಟಿದ ಜಾಗದಲ್ಲಿ ಗಟ್ಟಿತನವೂ ಹೋಗುತ್ತದೆ, ತುಕ್ಕು ತಡೆಯುವ ಗುಣವೂ ಹೋಗುತ್ತದೆ. ಹರಿತ ಪರೀಕ್ಷಿಸಲು ಕಾಗದ ಬೇಡ, ಸಡಿಲವಾಗಿ ನೇತುಬಿಟ್ಟ ಒದ್ದೆ ಹಗ್ಗ ಕತ್ತರಿಸಿ ನೋಡಿ. ನೀರಿನೊಳಗೆ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಡುವವರು ಯಾರೂ ಇರುವುದಿಲ್ಲ.

ಹಂತ 9: ಎತ್ತಿಡುವುದು

ಒರೆಯಿಂದ ಹೊರಗೆ, ಒಣ ಬಟ್ಟೆಯಲ್ಲಿ ಸುತ್ತಿ, ಮಕ್ಕಳ ಕೈಗೆ ಸಿಗದ ಕಡೆ. ವಿಮಾನದಲ್ಲಿ ಹೋಗುವುದಾದರೆ ಚೆಕ್-ಇನ್ ಬ್ಯಾಗಿನಲ್ಲೇ ಹಾಕಿ, ಕೈಚೀಲದಲ್ಲಿ ಬಿಡುವುದಿಲ್ಲ. ಕೆಲವು ಸಂರಕ್ಷಿತ ಹವಳದ ಜಾಗಗಳಲ್ಲಿ ಚಾಕುವಿಗೇ ಅನುಮತಿ ಇರುವುದಿಲ್ಲ, ಮೊದಲೇ ಕೇಳಿಕೊಳ್ಳಿ. ಹೊರಡುವ ಮುನ್ನ ಒರೆ ಬ್ಯಾಗಿಗೆ ಸೇರಿದೆಯೇ ಎಂದೂ ನೋಡಿ. ಬೇರೆ ಬೇರೆ ಇಡುವ ಶಿಸ್ತಿನಲ್ಲಿ ನಾನೊಮ್ಮೆ ಥಳಥಳಿಸುವ ಚಾಕುವನ್ನು ದೋಣಿಯವರೆಗೆ ತಂದು, ಒರೆಯನ್ನು ಮನೆಯ ಬಚ್ಚಲ ಮೊಳೆಯಲ್ಲೇ ನೇತುಹಾಕಿ ಬಂದಿದ್ದೆ.